ಸೆಲ್ಫ್ ಹಿಡಿಯದ ಗಾಡಿ, ಕಾರಣ ಹುಡುಕುವ ಕಾಯಕ

ಶರಣರ ಕಾಯಕದ ಮಾತು ಬಂದಾಗ ನಮಗೆ ಮೊದಲು ನೆನಪಾಗುವುದು ಬೆವರು: ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಕಟ್ಟಿಗೆ ಹೊರುವ ಮೋಳಿಗೆ ಮಾರಯ್ಯ, ದೋಣಿ ನಡೆಸುವ ಅಂಬಿಗರ ಚೌಡಯ್ಯ. ಮೈಮುರಿದು ದುಡಿದರೆ ಅದೇ ಪೂಜೆ ಎನ್ನುವಲ್ಲಿಗೆ ವಿಚಾರ ನಿಂತುಬಿಡುತ್ತದೆ. ಆದರೆ ಮೈಮುರಿದು ಬೇಡದ ಕೆಲಸವನ್ನೇ ಮಾಡಿದರೆ? ದುಡಿಮೆ ಪೂಜೆಯಾಗುವುದು ಕೈ ಓಡುವ ಹೊತ್ತಿನಲ್ಲೋ, ಅದಕ್ಕೂ ಮುಂಚೆ ಕಾರಣವನ್ನು ಹುಡುಕುವ ಹೊತ್ತಿನಲ್ಲೋ? ಈ ಪ್ರಶ್ನೆಗೆ ಆ ಶರಣರ ಕಲ್ಯಾಣವಾಗಿದ್ದ ಬಸವಕಲ್ಯಾಣದ ಸೀಮೆಯೇ ತಕ್ಕ ಜಾಗ. ಚಾಲುಕ್ಯರ ಕಾಲದ ಶಿವಾಲಯವಿರುವ ನಾರಾಯಣಪುರ ಇಲ್ಲಿದೆ. ಹುಮನಾಬಾದಿನ ಮೇಲೆ ಹಾಯುವ ಪುಣೆ–ಹೈದರಾಬಾದ್ ಹೆದ್ದಾರಿಯೂ, ಆ ಹೆದ್ದಾರಿಯ ಲಾರಿಗಳನ್ನು ನಂಬಿದ ಗ್ಯಾರೇಜುಗಳೂ ಇಲ್ಲೇ ಇವೆ. ನಾನು ಆರಿಸಿಕೊಳ್ಳುವ ಉದಾಹರಣೆ ಸಣ್ಣದು. ಒಮ್ಮೆ ಸೆಲ್ಫ್ ಹಿಡಿದು ಚಾಲೂ ಆಗುವ, ಇನ್ನೊಮ್ಮೆ 'ಟಕ್' ಎಂದು ಸುಮ್ಮನಾಗುವ ಗಾಡಿ.

ಪೂರ್ತಿ ಸುಟ್ಟ ಸೆಲ್ಫ್ ಮೋಟಾರಿನ ವಿಷಯದಲ್ಲಿ ತಪ್ಪು ತಿಳಿಯುವುದು ಕಡಿಮೆ. ಆಗಾಗ ಕೈಕೊಡುವುದೇ ಕಷ್ಟ, ಏಕೆಂದರೆ ಆ ಒಂದು ಸದ್ದಿನ ಹಿಂದೆ ಹಲವು ಕಾರಣಗಳಿರಬಹುದು. ಬ್ಯಾಟರಿ ಇಳಿದಿರಬಹುದು, ಟರ್ಮಿನಲ್ಲಿಗೆ ಬಿಳಿ ಪುಡಿ ಹಿಡಿದಿರಬಹುದು, ಇಂಜಿನ್ನಿಗೂ ಚಾಸಿಗೂ ನಡುವಿನ ಅರ್ಥಿಂಗ್ ಪಟ್ಟಿ ತುಕ್ಕು ತಿಂದಿರಬಹುದು. ಸೊಲೆನಾಯ್ಡ್ ಒಳಗಿನ ತಾಮ್ರದ ಕಾಂಟ್ಯಾಕ್ಟ್ ಸುಟ್ಟಿರಬಹುದು, ಮೋಟಾರಿನ ಕಾರ್ಬನ್ ಬ್ರಷ್ ಸವೆದಿರಬಹುದು. ಆರ್ಮೇಚರಿನ ಒಂದೇ ಒಂದು ಜಾಗ ಸತ್ತಿದ್ದು, ಮೋಟಾರು ಅಲ್ಲೇ ಬಂದು ನಿಂತ ದಿನ ಮಾತ್ರ ತಿರುಗದೆ ಇರಬಹುದು. ಇದರಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಅರ್ಥಿಂಗಿನ ದೋಷ. ಸೆಲ್ಫ್ ಹೊಡೆದಾಗ ಮೋಟಾರು 200 ಆಂಪಿಯರ್ ಎಳೆಯುತ್ತದೆ ಎನ್ನೋಣ. ತುಕ್ಕು ಹಿಡಿದ ಒಂದು ಜೋಡಣೆಯ ತಡೆ ಒಂದು ಓಮಿನ ನೂರರಲ್ಲಿ ಒಂದು ಪಾಲಷ್ಟೇ ಇದ್ದರೂ, ಲೆಕ್ಕ ಹಾಕಿದರೆ 2 ವೋಲ್ಟ್ ಅಲ್ಲೇ ಹೋಯಿತು. ಗಾಡಿ ನಿಂತಿರುವಾಗ ಬ್ಯಾಟರಿಯ ಪಾಸಿಟಿವ್ ಕಂಬಕ್ಕೂ ಅದೇ ಜೋಡಣೆಯ ಆಚೆ ಬದಿಗೂ ಮೀಟರ್ ಹಿಡಿಯಿರಿ, ಚಾರ್ಜ್ ತುಂಬಿದ ಬ್ಯಾಟರಿಯ 12.6 ವೋಲ್ಟ್ ಪೂರ್ತಿ ತೋರಿಸುತ್ತದೆ. ಕರೆಂಟು ಹರಿಯದಿದ್ದರೆ ತಡೆ ಕಾಣುವುದೇ ಇಲ್ಲ. ಹಾಗಾಗಿ ಗೇರನ್ನು ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಇನ್ನೊಂದನ್ನು ಇಂಜಿನ್ನಿನ ಬರಿಮೈಗೂ ಹಿಡಿದು, ಸೆಲ್ಫ್ ಹೊಡೆಯುತ್ತಿರುವಾಗಲೇ ನೋಡಬೇಕು. ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ದೋಷ ಅರ್ಥಿಂಗಿನ ದಾರಿಯಲ್ಲಿದೆ. ಅದೇ ಹೊತ್ತಿಗೆ ಬ್ಯಾಟರಿಯ ಎರಡು ಕಂಬಗಳ ನಡುವೆ 9.6ಕ್ಕಿಂತ ಕೆಳಗೆ ಕುಸಿದರೆ ಮೊದಲ ಅನುಮಾನ ಬ್ಯಾಟರಿಯ ಮೇಲೆ. ಭಾರ ಬಿದ್ದಾಗ ಮಾತ್ರ ಹೊರಬರುವ ಸತ್ಯವನ್ನು ಭಾರ ಹೊರಿಸಿಯೇ ಕೇಳಬೇಕು. ಬಾಯಲ್ಲಿ ಹೇಳಿದ್ದು ನಡೆಯಲ್ಲಿ ನಿಲ್ಲುತ್ತದೆಯೇ ಎಂದು ಅನುಭವದಲ್ಲಿ ಪರೀಕ್ಷಿಸಿದ ಶರಣರಿಗೆ ಈ ವಿಧಾನ ಹೊಸದೆನಿಸುತ್ತಿರಲಿಲ್ಲ.

ಇಷ್ಟೆಲ್ಲ ಪರೀಕ್ಷೆ ಏಕೆ, ಹೊಸ ಮೋಟಾರು ಹಾಕಿದ ಮೇಲೆ ಗಾಡಿ ಚಾಲೂ ಆಯಿತಲ್ಲ, ಇನ್ನೇನು ಸಾಕ್ಷಿ ಬೇಕು ಎಂದು ಕೇಳುವವರಿದ್ದಾರೆ. ಯಾವುದು ಸಾಕ್ಷಿ ಎಂಬ ಪ್ರಶ್ನೆ ಈ ನೆಲಕ್ಕೆ ಹೊಸದಲ್ಲ. ಇದೇ ಕಲ್ಯಾಣದಲ್ಲಿ, 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನ ಬರೆದ. ವ್ಯಾಜ್ಯದಲ್ಲಿ ಮನುಷ್ಯರು ಒದಗಿಸಬಹುದಾದ ಪ್ರಮಾಣಗಳು ಅಲ್ಲಿ ಮೂರು: ಲಿಖಿತ, ಭುಕ್ತಿ (ಎಂದರೆ ಸ್ವಾಧೀನದ ಅನುಭವ), ಸಾಕ್ಷಿ. ತೀರ್ಪು ಕೊಡುವವನ ಅನಿಸಿಕೆಗೆ ಆ ಮೂರರಲ್ಲಿ ಜಾಗವಿಲ್ಲ. ಗಾಡಿ ಚಾಲೂ ಆದದ್ದು ನಿಜವಾದ ಸಾಕ್ಷಿಯೇ, ಆದರೆ ಅದು ಯಾವುದಕ್ಕೆ ಸಾಕ್ಷಿ ಎಂಬುದನ್ನು ಕೇಳಬೇಕು. ಮೋಟಾರು ಬಿಚ್ಚುವವನು ಬ್ಯಾಟರಿಯ ತಂತಿ ಕಳಚುತ್ತಾನೆ, ನಟ್ಟು ಉಜ್ಜುತ್ತಾನೆ, ಮತ್ತೆ ಬಿಗಿ ಮಾಡುತ್ತಾನೆ. ಗಾಡಿಯನ್ನು ಎಬ್ಬಿಸಿದ್ದು ಹೊಸ ಮೋಟಾರೋ, ಬಿಗಿಯಾದ ನಟ್ಟೋ? ಕಾಗೆ ಕೂತಿತು, ತಾಳೆಹಣ್ಣು ಬಿತ್ತು ಎಂದು ನಮ್ಮ ತಾರ್ಕಿಕರು ಎಚ್ಚರಿಸಿದ್ದು ಇಂಥ ಕಡೆಗೇ. ಒಂದಿದ್ದರೆ ಇನ್ನೊಂದು ಇರುತ್ತದೆ ಎಂಬ ಅನ್ವಯ ಸಾಲದು. ಅದಿಲ್ಲದಿದ್ದರೆ ಇದೂ ಇಲ್ಲ ಎಂಬ ವ್ಯತಿರೇಕವೂ ಬೇಕು. ಜೋಡಣೆಗಳನ್ನು ಉಜ್ಜಿ, ಹಳೆಯ ಮೋಟಾರನ್ನೇ ಇಟ್ಟು ನೋಡಿದವನಿಗೆ ಮಾತ್ರ ಉತ್ತರ ಗೊತ್ತು.

ಆಯ್ದಕ್ಕಿ ಲಕ್ಕಮ್ಮನ ಕಥೆ ಈ ವಿಚಾರವನ್ನು ಧರ್ಮದ ಅಂಗಳಕ್ಕೆ ತರುತ್ತದೆ. ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವುದು ಅವಳ ಗಂಡ ಆಯ್ದಕ್ಕಿ ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಲಕ್ಕಮ್ಮ ಅದನ್ನು ಅಲ್ಲೇ ಸುರಿದು ಬರಲು ಹೇಳಿದಳು. ಅದರಲ್ಲಿ ಕಳವಿರಲಿಲ್ಲ, ಸುಳ್ಳಿರಲಿಲ್ಲ. ಅಗತ್ಯ ಮೀರಿದ್ದು ಬಂದಿತ್ತು, ಅಷ್ಟೇ. ತೊಗರಿ ಮಾರಿದ ದುಡ್ಡಿನಲ್ಲಿ ರೈತ ಹೊಸ ಮೋಟಾರಿಗೆ ಕೊಟ್ಟ ಸಾವಿರಾರು ರೂಪಾಯಿ, ಉಪ್ಪುಕಾಗದದಿಂದ ಉಜ್ಜಿದರೆ ಸರಿಹೋಗುವ ದೋಷಕ್ಕೆ ಹೋಗಿದ್ದರೆ, ಮೆಕ್ಯಾನಿಕ್ ಎಷ್ಟೇ ಪ್ರಾಮಾಣಿಕನಾಗಿದ್ದರೂ ಅದು ಹೆಚ್ಚಿನ ಅಕ್ಕಿಯೇ. ತಪ್ಪಾಗಿ ತಿಳಿದದ್ದನ್ನು ನಾನು ದೋಷ ಎನ್ನುವುದಿಲ್ಲ. ಪರೀಕ್ಷೆ ಸಾಧ್ಯವಿದ್ದೂ ಮಾಡದೆ ಇನ್ನೊಬ್ಬರ ಹಣದಲ್ಲಿ ಊಹೆ ಮಾಡಿದ್ದು ದೋಷ. ಅದಕ್ಕೇ ನನ್ನ ವಾದ: ಕಾಯಕದ ಪಾವಿತ್ರ್ಯ ಕಾರಣ ಹುಡುಕುವಲ್ಲಿಂದಲೇ ಶುರುವಾಗುತ್ತದೆ. ಅದಿಲ್ಲದ ಬೆವರು ಬರೀ ದಣಿವು.

ಹನ್ನೆರಡನೆಯ ಶತಮಾನದ ತತ್ವವನ್ನು ಗ್ಯಾರೇಜಿನ ಎಣ್ಣೆಯಲ್ಲಿ ಅದ್ದುವುದು ಅತಿಯಾಯಿತು ಎನ್ನುವ ಆಕ್ಷೇಪ ನನಗೆ ಗಟ್ಟಿ ಎನಿಸುವುದಿಲ್ಲ. ತಮ್ಮ ತಮ್ಮ ಕಸುಬಿನ ಸಾಮಾನುಗಳಿಂದಲೇ ತತ್ವ ಹೇಳಿದವರು ಆ ಶರಣರು. ಇನ್ನೊಂದು ಆಕ್ಷೇಪ ನಿಜಕ್ಕೂ ಭಾರವಾದದ್ದು. ದುಡಿಮೆಯನ್ನು ಪೂಜೆ ಎಂದು ಹೊಗಳಿ ದುಡಿಯುವವನಿಗೆ ಕಡಿಮೆ ಕೊಡುವ ಚಾಳಿ ನಮ್ಮಲ್ಲಿದೆ. ಸಾಮಾನಿಗೆ, ಬಿಚ್ಚಿ ಕಟ್ಟಿದ್ದಕ್ಕೆ ಹಣ ಕೊಡುತ್ತೇವೆ. ಒಂದು ತಾಸು ಮೀಟರ್ ಹಿಡಿದು ನೋಡಿದ್ದಕ್ಕೆ ಕೊಡುವುದಿಲ್ಲ. ಐದು ನಿಮಿಷದಲ್ಲಿ ನಟ್ಟು ಬಿಗಿ ಮಾಡಿ ಸರಿಪಡಿಸಿದವನಿಗೆ 'ಇಷ್ಟೇನಾ?' ಎಂದು ಚಹಾದ ಕಾಸು ಕೊಟ್ಟು ಹೋಗುತ್ತೇವೆ. ಹೀಗಿರುವಾಗ ಸಾಮಾನು ಬದಲಿಸುವವನೇ ಬದುಕುತ್ತಾನೆ. ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಅದು ನನ್ನ ವಾದವನ್ನು ಕೆಡವುವುದಿಲ್ಲ. ಹೊಣೆಯ ಪಾಲನ್ನು ಗಾಡಿಯವರ ತಲೆಗೂ ಹಾಕುತ್ತದೆ. ಕಾರಣ ಹುಡುಕುವುದು ಕಾಯಕವಾದರೆ ಅದಕ್ಕೂ ಕೂಲಿ ಇರಬೇಕು, ಏನೂ ಬದಲಿಸದ ದಿನವೂ ಇರಬೇಕು.

ಆಗಾಗ ಬರುವ ದೋಷ ಪರೀಕ್ಷೆಯ ದಿನ ಬಾರದೇ ಹೋದರೆ? ಕಾಂಟ್ಯಾಕ್ಟು ಕಾದಾಗ ಒಂದು ನಡೆ, ತಣ್ಣಗಿದ್ದಾಗ ಇನ್ನೊಂದು ನಡೆ. ಮೋಟಾರಿನ ಮೈಯನ್ನು ಸ್ಪ್ಯಾನರಿನಿಂದ ಮೆಲ್ಲಗೆ ತಟ್ಟಿದಾಗ ತಿರುಗಿದರೆ ಕಾರ್ಬನ್ನಿನ ಮೇಲೆ ಅನುಮಾನ ಬಲವಾಗುತ್ತದೆ, ಆದರೆ ನಿಶ್ಚಯವಾಗುವುದಿಲ್ಲ. ತಟ್ಟಿದ್ದು ರಿಪೇರಿಯಂತೂ ಅಲ್ಲ. ಪೂರ್ಣ ನಿಶ್ಚಯ ಸಿಗದ ಕಡೆ ಸತ್ಯವಂತಿಕೆ ಎಂದರೆ ಎಲ್ಲಿಯವರೆಗೆ ನೋಡಿದೆ ಎಂದು ಹೇಳುವುದು. ಅದನ್ನು ವಿಜ್ಞಾನೇಶ್ವರನ ಮೊದಲ ಪ್ರಮಾಣವಾಗಿಸಬಹುದು. ಸೆಲ್ಫ್ ಹೊಡೆದಾಗ ಬ್ಯಾಟರಿ ಎಷ್ಟಕ್ಕೆ ಇಳಿಯಿತು, ಅರ್ಥಿಂಗಿನಲ್ಲಿ ಎಷ್ಟು ಹೋಯಿತು, ಏನನ್ನು ಬಿಚ್ಚಿ ನೋಡಲಿಲ್ಲ ಎಂದು ಬಿಲ್ಲಿನ ಹಿಂದೆ ನಾಲ್ಕು ಸಾಲು ಬರೆದುಕೊಟ್ಟರೆ ಸಾಕು. ನಾಳೆ ಅದೇ ಗಾಡಿ ಹುಮನಾಬಾದಿನ ಹತ್ತಿರ ನಿಂತರೆ, ಅಲ್ಲಿಯ ಮೆಕ್ಯಾನಿಕ್ ಆ ಚೀಟಿ ಓದಿ, ಇನ್ನೂ ನೋಡದೆ ಉಳಿದದ್ದರಿಂದ ಹುಡುಕಾಟ ಶುರು ಮಾಡಬಹುದು.