ಪೆರ್ಗೆಯಿಂದ ಹಿಂದಿರುಗಿದ ಹುಡುಗ

ಎಲ್ಲರೂ ಒಂದು ಸಾರಿ ಸ್ತೋತ್ರ ಹೇಳೋಣ. ಹಲ್ಲೆಲೂಯಾ! ಹಿಂದೆ ನಿಂತಿರೋರು ಮುಂದೆ ಬನ್ನಿ, ಇಲ್ಲಿ ಕುರ್ಚಿ ಖಾಲಿ ಇವೆ. ಬರಲ್ಲ, ನನಗೆ ಗೊತ್ತು. ಹಿಂದಿನ ಸಾಲು ಯಾಕೆ ಮೊದಲು ತುಂಬುತ್ತೆ ಅಂತಾನೂ ಗೊತ್ತು. ಇವತ್ತಿನ ವಾಕ್ಯ ಆ ಸಾಲಿನವರಿಗೇ.

ಅಪೊಸ್ತಲರ ಕೃತ್ಯಗಳು 13ನೇ ಅಧ್ಯಾಯ, 13ನೇ ವಚನ ತೆಗೀರಿ. ಪೌಲ, ಬಾರ್ನಬ ಅಂತಿಯೋಕ್ಯದಿಂದ ಸುವಾರ್ತೆಗೆ ಹೊರಟಿದ್ದಾರೆ. ಸಹಾಯಕ್ಕೆ ಯೋಹಾನ ಅಂತ ಒಬ್ಬ ಹುಡುಗ, ಮಾರ್ಕ ಅಂತಾನೂ ಕರೀತಾರೆ. ಕುಪ್ರ ದ್ವೀಪದಲ್ಲಿ ಒಳ್ಳೆಯ ಸೇವೆ ಆಯ್ತು, ಅಲ್ಲಿನ ಅಧಿಪತಿಯೇ ನಂಬಿದ. ಅಲ್ಲಿಂದ ಹಡಗು ಹತ್ತಿ ಪೆರ್ಗೆಗೆ ಬಂದರು. ಅಲ್ಲಿ ಮಾರ್ಕ ಅವರನ್ನು ಬಿಟ್ಟು ಯೆರೂಸಲೇಮಿಗೆ ವಾಪಸ್ ಹೋದ. ಅಷ್ಟೇ, ಅರ್ಧ ವಚನ. ಯಾಕೆ ಹೋದ ಅಂತ ಲೂಕ ಬರೆಯಲಿಲ್ಲ.

ಈ ಮಾರ್ಕ ಯಾರು? ಹಿಂದಿನ ಅಧ್ಯಾಯ ನೋಡಿ. ಪೇತ್ರ ಸೆರೆಮನೆಯಿಂದ ಬಿಡುಗಡೆಯಾಗಿ ರಾತ್ರಿ ಬಾಗಿಲು ತಟ್ಟಿದ್ದು ಇವನ ತಾಯಿ ಮರಿಯಳ ಮನೆಯದು. ಸಭೆ ಕೂಡಿ ಪ್ರಾರ್ಥನೆ ಮಾಡ್ತಿದ್ದ ಮನೆ. ಅಂದ್ರೆ ಸಂಡೇ ಸ್ಕೂಲ್ ಹುಡುಗ ಅಂತೀವಲ್ಲ, ಆ ಥರ. ನಿಮ್ಮಲ್ಲಿ ಅರ್ಧ ಜನ ಹಾಗೇ ಬೆಳೆದವರು.

ಹೋದ ತಿಂಗಳು ಒಬ್ಬ ತಮ್ಮ ಆರಾಧನೆ ಮುಗಿದ ಮೇಲೆ ನನ್ನ ಹತ್ತಿರ ಬಂದ. (ಅವನನ್ನು ಕೇಳಿಯೇ ಇದನ್ನ ಹೇಳ್ತಿದ್ದೀನಿ.) ಯೂತ್ ಕ್ಯಾಂಪಲ್ಲಿ ಉಪವಾಸ ಮಾಡಿದ್ದ, ಪವಿತ್ರಾತ್ಮನ ಅಭಿಷೇಕ ಹೊಂದಿದ್ದ, ಅತ್ತಿದ್ದ. ಬಂದ ಮೇಲೆ ಆ್ಯಪಲ್ಲಿ ಸತ್ಯವೇದ ಓದೋಕೆ ಶುರು ಮಾಡಿದ. 41 ದಿನದ ಸ್ಟ್ರೀಕ್. ಆಮೇಲೆ ನೈಟ್ ಶಿಫ್ಟ್ ಬಂತು. ಒಂದು ದಿನ ತಪ್ಪಿತು, ಒಂದು ವಾರ ತಪ್ಪಿತು, ಸ್ಟ್ರೀಕ್ ಸೊನ್ನೆ. ಫೋನಲ್ಲಿ ಬಿಟ್ಟಿದ್ದ ಹಳೇ ಚಾಳಿನೂ ವಾಪಸ್ ಬಂತು. "ಪಾಸ್ಟರ್, ನಾನು ನಾಟಕ ಆಡ್ತಿದ್ದೀನಿ ಅನ್ಸುತ್ತೆ. ನೀವು ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ, ನಾನಿನ್ನು ಕೀಬೋರ್ಡ್ ನುಡಿಸಲ್ಲ" ಅಂದ.

ಪ್ರಿಯರೇ, ಅದು ಪೆರ್ಗೆ. ಅಲ್ಲಿಂದ ಮನೆಗೆ ಹೋಗೋ ಹಡಗು ಯಾವಾಗಲೂ ಸಿಗುತ್ತೆ.

ಈಗ 15ನೇ ಅಧ್ಯಾಯಕ್ಕೆ ಬನ್ನಿ. ಎರಡನೇ ಪ್ರಯಾಣಕ್ಕೆ ಮಾರ್ಕನನ್ನು ಕರಕೊಂಡು ಹೋಗೋಣ ಅಂತಾನೆ ಬಾರ್ನಬ. ಬೇಡವೇ ಬೇಡ ಅಂತಾನೆ ಪೌಲ, ಅರ್ಧದಲ್ಲಿ ಬಿಟ್ಟು ಹೋದವನು ಇವನು. ಜಗಳ ಎಷ್ಟು ಜೋರಾಯ್ತು ಅಂದ್ರೆ ಇಬ್ಬರೂ ಬೇರೆಬೇರೆ ಆದರು. ಪೌಲ ಸೀಲನ ಜೊತೆ ಹೊರಟ. ಬಾರ್ನಬ ಮಾರ್ಕನನ್ನು ಕರಕೊಂಡು ಎಲ್ಲಿಗೆ ಹೋದ? ಕುಪ್ರಕ್ಕೆ. ಅದು ಬಾರ್ನಬನ ಸ್ವಂತ ಊರು, ಮಾರ್ಕ ಬೀಳೋ ಮುಂಚೆ ಚೆನ್ನಾಗಿ ಸೇವೆ ಮಾಡಿದ್ದ ಜಾಗ. ಇನ್ನೊಂದು ವಿಷಯ. ಪೌಲ ಹೊಸದಾಗಿ ನಂಬಿದಾಗ ಯೆರೂಸಲೇಮಿನ ಶಿಷ್ಯರೆಲ್ಲ ಅವನಿಗೆ ಹೆದರಿದ್ದರು. ಆಗ ಅವನ ಕೈ ಹಿಡಿದು ಅಪೊಸ್ತಲರ ಹತ್ತಿರ ಕರಕೊಂಡು ಹೋದವನು ಇದೇ ಬಾರ್ನಬ. ಪೌಲ ಅದನ್ನ ಮರೆತನೋ ಏನೋ.

ನಾನೂ ಮರೆತಿದ್ದೀನಿ. ಕೆಲವು ವರ್ಷದ ಹಿಂದೆ ಆರಾಧನಾ ತಂಡದಲ್ಲಿದ್ದ ಒಬ್ಬ ತಂಗಿ ಮೂರು ಸಾರಿ ಪ್ರಾಕ್ಟೀಸ್‌ಗೆ ಬರಲಿಲ್ಲ. ಎಲ್ಲರ ಮುಂದೆ, ದೇವರ ಸೇವೆ ಅಂದ್ರೆ ಆಟ ಅಲ್ಲ ಅಂತ ಹೇಳಿ ಅವಳ ಹೆಸರು ತೆಗೆದೆ. ಅದನ್ನ ನಾನು ಶಿಸ್ತು ಅಂದ್ಕೊಂಡೆ. ಅವಳ ತಾಯಿ ಆಗ ಆಸ್ಪತ್ರೆಯಲ್ಲಿದ್ದರು. ಫೋನ್ ಮಾಡಿ ಕ್ಷಮೆ ಕೇಳೋಕೆ ನನಗೆ ಎರಡು ವರ್ಷ ಬೇಕಾಯ್ತು. ಆಗ ಅವಳು ಹೇಳಿದಳು, ನಮ್ಮ ಸಭೆಯ ಒಬ್ಬ ಆಂಟಿ ಆ ಎರಡು ವರ್ಷವೂ ಪ್ರತಿ ಬುಧವಾರ ಫೋನಲ್ಲಿ ಅವಳ ಜೊತೆ ಪ್ರಾರ್ಥನೆ ಮಾಡ್ತಿದ್ದರಂತೆ. ನನಗೆ ಗೊತ್ತೇ ಇರಲಿಲ್ಲ. ನಾನು ಹೆಸರು ತೆಗೆದಿದ್ದೆ, ಕರ್ತನು ತೆಗೆದಿರಲಿಲ್ಲ.

ಈ ಜಗಳದ ನಂತರ ಅಪೊಸ್ತಲರ ಕೃತ್ಯಗಳಲ್ಲಿ ಮಾರ್ಕನ ಸುದ್ದಿಯೇ ಇಲ್ಲ. ಹೆಚ್ಚುಕಡಿಮೆ 10 ವರ್ಷ. ಸ್ಟೇಟಸ್ ಇಲ್ಲ, ಸಾಕ್ಷಿ ಇಲ್ಲ. ಆಮೇಲೆ ಇದ್ದಕ್ಕಿದ್ದಂತೆ ಕೊಲೊಸ್ಸೆ 4:10. ಸೆರೆಯಲ್ಲಿರೋ ಪೌಲ ಸಭೆಗೆ ಬರೀತಾನೆ, ಮಾರ್ಕ ಬಂದರೆ ಸೇರಿಸಿಕೊಳ್ಳಿ ಅಂತ. ಕೊನೆಗೆ 2 ತಿಮೊಥೆಯ 4:11. ಪೌಲನಿಗೆ ಮರಣ ಹತ್ತಿರ ಬಂದಿದೆ, ದೇಮ ಬಿಟ್ಟು ಹೋಗಿದ್ದಾನೆ, ಲೂಕ ಒಬ್ಬನೇ ಜೊತೆಗಿದ್ದಾನೆ. ಆಗ ಯಾರನ್ನ ಕೇಳ್ತಾನೆ? ಮಾರ್ಕನನ್ನ ಕರಕೊಂಡು ಬಾ, ಅವನಿಂದ ನನಗೆ ಉಪಯೋಗ ಇದೆ ಅಂತಾನೆ. ಆಮೆನ್ ಹೇಳಿ ಯಾರಾದ್ರೂ!

ಅದೇ ಪತ್ರದ 2:13ರಲ್ಲಿ ಪೌಲ, ನಾವು ತಪ್ಪಿದರೂ ದೇವರ ನಂಬಿಗಸ್ತಿಕೆ ತಪ್ಪೋದಿಲ್ಲ, ಅದು ಆತನ ಸ್ವಭಾವ ಅನ್ನೋ ಮಾತು ಬರೀತಾನೆ. ಮನೆಗೆ ಹೋಗಿ ಅದರ ಹಿಂದಿನ ವಚನವನ್ನೂ ಓದಿ, ಅದು ಸುಲಭದ ವಚನ ಅಲ್ಲ. ದೇವರು ನಂಬಿಗಸ್ತನು ಅನ್ನೋದು ಪಾಪಕ್ಕೆ ಸಿಕ್ಕಿದ ಬಸ್ ಪಾಸ್ ಅಲ್ಲ. ಮಾರ್ಕನೂ ಎದ್ದು ಮತ್ತೆ ಹಡಗು ಹತ್ತಬೇಕಾಯ್ತು. ಆದರೆ ಹತ್ತೋಕೆ ಹಡಗು ಅಲ್ಲಿತ್ತಲ್ಲ, ಅದು ಕೃಪೆ.

ಮುಂದೆ ಇದೇ ಮಾರ್ಕ ಪೇತ್ರನ ಜೊತೆ ಇದ್ದ, ಪೇತ್ರ ಅವನನ್ನು ಮಗನೇ ಅಂತಾನೆ. ಪೇತ್ರ ಸಾರಿದ್ದನ್ನೇ ಇವನು ಸುವಾರ್ತೆಯಾಗಿ ಬರೆದ ಅಂತ ಹಳೇ ಸಭಾಪಿತೃಗಳು ಹೇಳ್ತಾರೆ. ಯೋಚನೆ ಮಾಡಿ: ಕರ್ತನನ್ನು ಮೂರು ಸಾರಿ ಅರಿಯೆನು ಅಂದವನು ಹೇಳಿದ, ಅರ್ಧ ದಾರಿಯಲ್ಲಿ ಬಿಟ್ಟು ಓಡಿದವನು ಬರೆದ. ಆ ಸುವಾರ್ತೆಯ 4ನೇ ಅಧ್ಯಾಯದಲ್ಲಿ ಒಂದು ಸಾಮ್ಯ ಇದೆ, ಮತ್ತಾಯ, ಲೂಕ, ಯೋಹಾನ ಯಾರಲ್ಲೂ ಇಲ್ಲ. ರೈತ ಬೀಜ ಬಿತ್ತಿ ಮಲಗ್ತಾನೆ, ಏಳ್ತಾನೆ. ಹೇಗೆ ಅಂತ ಅವನಿಗೇ ತಿಳಿಯದ ಹಾಗೆ ಪೈರು ಬೆಳೆಯುತ್ತೆ. ಮೊದಲು ಗರಿ, ಆಮೇಲೆ ತೆನೆ, ಆಮೇಲೆ ಕಾಳು. ಅದನ್ನ ಬರೆಯುವಾಗ ಮಾರ್ಕನಿಗೆ ಆ ಸುದ್ದಿಯಿಲ್ಲದ ವರ್ಷಗಳು ನೆನಪಾಗಿರಬೇಕು ಅಂತ ನನಗನ್ಸುತ್ತೆ. ನಮ್ಮ ಮಗಳು ಬಾಲ್ಕನಿಯ ಕುಂಡದಲ್ಲಿ ಕೊತ್ತಂಬರಿ ಹಾಕಿ ದಿನಾ ಬೆರಳಲ್ಲಿ ಕೆದಕಿ ನೋಡ್ತಿದ್ದಳು, ಬಂತಾ ಅಂತ. ನೀವೂ ದಿನಾ ರಾತ್ರಿ ನಿಮ್ಮ ಆತ್ಮಿಕ ಜೀವಿತವನ್ನ ಹಾಗೇ ಕೆದಕ್ತಿದ್ದೀರಿ.

ಕೀಬೋರ್ಡ್ ತಮ್ಮ ಇವತ್ತು ಬಂದಿದ್ದಾನೆ. ಎಲ್ಲಿ ಕೂತಿದ್ದಾನೆ ಅಂತ ಹೇಳಲ್ಲ. ಎಲ್ಲರೂ ಎದ್ದು ನಿಲ್ಲೋಣ. ಮೊದಲು ಪಕ್ಕದವರ ಹೆಸರು ಕೇಳಿ, ನಂಬರ್ ತಗೊಳ್ಳಿ, ಬುಧವಾರ ಒಂದು ಫೋನ್ ಮಾಡಿ. ಈಗ ಕಣ್ಣು ಮುಚ್ಚೋಣ. ಪೆರ್ಗೆಯಲ್ಲಿ ನಿಂತಿರೋರು ಸುಮ್ಮನೆ ಕೈ ಎತ್ತಿ, ನಾನೂ ಎತ್ತಿದ್ದೀನಿ.

ತಂದೆಯೇ, ಈ ಕೈಗಳನ್ನ ನೀವು ನೋಡ್ತಿದ್ದೀರಿ. ಇವರಲ್ಲಿ ನೀವು ಬಿತ್ತಿದ್ದು ನಮಗೆ ಕಾಣದಿದ್ದರೂ ನಿಮಗೆ ಕಾಣುತ್ತಪ್ಪಾ. ಹಡಗಿನ ತನಕ ನಡೆಯೋ ಬಲ ಕೊಡಿ. ಯೇಸುವಿನ ನಾಮದಲ್ಲಿ ಬೇಡ್ತೇವೆ, ಆಮೆನ್.