ಕ್ಷೇತ್ರ, ವಾಸ್ತು, ಕಂತು

ಜೈನ ಗೃಹಸ್ಥರ ಐದು ಅಣುವ್ರತಗಳಲ್ಲಿ ಕೊನೆಯದು ಪರಿಗ್ರಹ ಪರಿಮಾಣ. ಇದ್ದದ್ದನ್ನೆಲ್ಲ ಬಿಟ್ಟುಬಿಡು ಅಂತ ಅದು ಹೇಳುವುದಿಲ್ಲ. ನಿನಗೆ ಎಷ್ಟು ಸಾಕು ಅನ್ನುವುದನ್ನು ನೀನೇ ಗೊತ್ತುಮಾಡಿಕೋ, ಆಮೇಲೆ ಆ ಗೆರೆ ದಾಟಬೇಡ ಅನ್ನುತ್ತದೆ, ಅಷ್ಟೆ. ಯಾವ ಯಾವುದಕ್ಕೆ ಗೆರೆ ಎಳೆಯಬೇಕು ಅನ್ನುವ ಪಟ್ಟಿ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿದೆ. ಹೊಲ ಮೊದಲು, ಅದರ ಬೆನ್ನಿಗೇ ಮನೆ. ಬೆಳ್ಳಿ ಬಂಗಾರ, ದನ, ದವಸ, ಆಳುಕಾಳು, ಬಟ್ಟೆಬರೆ ಎಲ್ಲ ಆಮೇಲೆ. ಮೈಸೂರಿನಲ್ಲಿ ಮನೆ ಹುಡುಕುತ್ತಿದ್ದಾಗ ಈ ಕ್ರಮ ಎಷ್ಟು ಸರಿಯಾಗಿದೆ ಅನ್ನಿಸುತ್ತಿತ್ತು. ಬಂಗಾರ ಅಡವಿಟ್ಟು ಸೈಟು ಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ. ಸೈಟು ಅಡವಿಟ್ಟು ಬಂಗಾರ ಕೊಂಡವರನ್ನು ಕಂಡಿಲ್ಲ.

ಈ ಪಟ್ಟಿ ನನಗೆ ಮೊದಲು ಗೊತ್ತಾದದ್ದು ಪುಸ್ತಕದಿಂದಲ್ಲ, ನಮ್ಮತ್ತೆಯಿಂದ. ಮಾವ ತೀರಿಹೋದ ಮೇಲೆ ಅವರು ಶ್ರವಣಬೆಳಗೊಳದಲ್ಲಿ ಚಾತುರ್ಮಾಸಕ್ಕೆ ನಿಂತಿದ್ದ ಮುನಿಗಳೊಬ್ಬರ ಎದುರು ವ್ರತ ತೆಗೆದುಕೊಂಡರು. ಒಂದು ಮನೆ, ಎರಡು ಎಕರೆ, ಕೊರಳಿಗೊಂದು ಎಳೆ ಸರ, ವರ್ಷಕ್ಕೆ ಎರಡು ಸೀರೆ. ಆ ಒಂದು ಮನೆ ಚನ್ನರಾಯಪಟ್ಟಣದ ಹತ್ತಿರ ಊರಲ್ಲಿದೆ: ಹೆಂಚಿನದು, ಹಿಂದೆ ಕೊಟ್ಟಿಗೆ, ಈಗ ಅದರಲ್ಲಿ ದನವಿಲ್ಲ. ನಾವು ಮೈಸೂರಿನಲ್ಲಿ ಮನೆ ಕೊಳ್ಳುತ್ತೇವೆ ಅಂದಾಗ ಅವರು ಕೇಳಿದ್ದು ರೇಟಲ್ಲ, ದಿಕ್ಕಲ್ಲ. "ಅದು ನನ್ನ ಲೆಕ್ಕಕ್ಕೆ ಬರುತ್ತೋ ಇಲ್ಲವೋ?"

ನಮ್ಮವರು ನಕ್ಕರು. "ಅಮ್ಮ, ಮನೆ ಆಗೋದು ಇವಳ ಹೆಸರಿಗೆ. ನಿನಗೂ ಅದಕ್ಕೂ ಸಂಬಂಧವಿಲ್ಲ."

"ಹಂಗೇ ಎಲ್ಲಾರೂ ಹೇಳೋದು," ಅಂದರು ಅತ್ತೆ.

ಅವರ ಮಾತಿಗೆ ಎಂಟು ನೂರು ವರ್ಷದ ಹಿಂದಿನ ಸಾಕ್ಷಿ ಇದೆ ಅಂತ ನನಗೆ ಆಮೇಲೆ ತಿಳಿಯಿತು. ಹನ್ನೆರಡನೆಯ ಶತಮಾನದಲ್ಲಿ ಗುಜರಾತಿನ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ, ಜನ ಈ ವ್ರತವನ್ನು ಮುರಿಯದೆಯೇ ಮುರಿಯುವ ಉಪಾಯಗಳನ್ನು ಎಣಿಸಿಟ್ಟಿದ್ದಾರೆ. ಒಂದೇ ಮನೆ ಅಂತ ವ್ರತವಿದ್ದವನು ಪಕ್ಕದ ಮನೆಯನ್ನೂ ಕೊಂಡು ನಡುಗೋಡೆ ಒಡೆದುಬಿಡುತ್ತಾನೆ. ಈಗಲೂ ಮನೆ ಒಂದೇ. ಗೆರೆ ಮೀರಿದ ಬೆಳ್ಳಿ ಬಂಗಾರವನ್ನು ವ್ರತದ ಅವಧಿ ಮುಗಿಯುವತನಕ ಇನ್ನೊಬ್ಬರ ಕೈಯಲ್ಲಿಡುತ್ತಾನೆ. ಪಾತ್ರೆ ಇಷ್ಟೇ ಅಂತ ಇದ್ದರೆ ಚಿಕ್ಕವನ್ನೆಲ್ಲ ಕರಗಿಸಿ ದೊಡ್ಡದು ಮಾಡಿಸುತ್ತಾನೆ. ಹಸುವಿನ ಹೊಟ್ಟೆಯೊಳಗಿನ ಕರುವನ್ನು ಎಣಿಸುವುದಿಲ್ಲ. ಓದುವಾಗ ನಗು ಬಂತು, ನಮ್ಮವರ ಮುಖವೂ ನೆನಪಿಗೆ ಬಂತು. ಹೆಂಡತಿ ಹೆಸರಿಗೆ ಮಾಡಿಸಿ ಅನ್ನುವ ಸಲಹೆಯನ್ನು ಬ್ಯಾಂಕಿನವರು ಕೊಡುವುದು ಬಡ್ಡಿಯಲ್ಲಿ ಒಂದಿಷ್ಟು ಕಮ್ಮಿಯಾಗಲಿ ಅಂತ; ಅದರಲ್ಲಿ ತಪ್ಪೇನಿಲ್ಲ. ಆದರೆ ಅತ್ತೆಯ ಪ್ರಶ್ನೆಗೆ ಅದು ಉತ್ತರವಲ್ಲ.

ನನಗೆ ಈ ವ್ರತದಲ್ಲಿ ಮುಖ್ಯ ಅನ್ನಿಸುವುದು ಗೆರೆಯ ಅಳತೆಗಿಂತ ಅದನ್ನು ಎಳೆಯುವ ಹೊತ್ತು. ಮನೆ ನೋಡುವುದಕ್ಕೆ ಮುಂಚೆ ಎಳೆದರೆ ಅದು ಗೆರೆ. ನೋಡಿದ ಮೇಲೆ ಎಳೆದರೆ ಆಸೆಗೆ ಹಾಕಿದ ಸಹಿ. ನಾವು 55 ಲಕ್ಷ ಅಂತ ಹೊರಟವರು. ದಟ್ಟಗಳ್ಳಿಯಲ್ಲಿ ಒಂದು 30×40 ಮನೆ ತೋರಿಸಿದರು, ಮುಂದೆ ಸಂಪಿಗೆ ಮರ, ಪೂರ್ವದ ಬಾಗಿಲು. ಸಂಜೆಯೊಳಗೆ ನಮ್ಮ ಸಾಕು ಅನ್ನುವುದು 80 ಲಕ್ಷಕ್ಕೆ ಏರಿತ್ತು. ಬೋಗಾದಿ ಕಡೆ ಅಗ್ಗಕ್ಕೆ ಸಿಕ್ಕಿದ್ದು ಕಂದಾಯ ನಿವೇಶನ. ಸಾಲ ಹುಟ್ಟುವುದಿಲ್ಲ ಅಂತ ಬಿಟ್ಟೆವು. ರಾಮಕೃಷ್ಣನಗರದಲ್ಲಿ ರೇಟು ಕೇಳಿ ಕಾಫಿ ಕುಡಿದು ಎದ್ದು ಬಂದೆವು.

30 ಲಕ್ಷ ಸಾಲ, ಶೇ 8.5 ಬಡ್ಡಿ, 20 ವರ್ಷ. ತಿಂಗಳಿಗೆ 26 ಸಾವಿರದ ಚಿಲ್ಲರೆ. ಮುಗಿಯುವ ಹೊತ್ತಿಗೆ ಕಟ್ಟಿದ್ದು 62 ಲಕ್ಷ ದಾಟುತ್ತದೆ. ಇಷ್ಟು ದಿನ ಅಂತ ಅವಧಿ ಇಟ್ಟುಕೊಂಡರೆ ಅದು ನಿಯಮ, ಬದುಕಿರುವತನಕವಾದರೆ ಯಮ ಅಂತ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರ ಭೇದ ಮಾಡುತ್ತದೆ. ನನ್ನ ವಯಸ್ಸಿಗೆ ಈ ಸಾಲ ಎರಡರಲ್ಲಿ ಯಾವುದಕ್ಕೆ ಸೇರುತ್ತದೋ.

ಬಾಡಿಗೆ ಮನೆಯಲ್ಲೇ ಇದ್ದಿದ್ದರೆ ಅಪರಿಗ್ರಹ ಆಗುತ್ತಿತ್ತೇ? ಕುವೆಂಪುನಗರದಲ್ಲಿ ನಾವು ಬಾಡಿಗೆಗೂ ಇದ್ದೆವು, ಭೋಗ್ಯಕ್ಕೂ ಇದ್ದೆವು. ಇದಕ್ಕೆ ತತ್ತ್ವಾರ್ಥಸೂತ್ರದ ಮೇಲೆ ಪೂಜ್ಯಪಾದರು ಬರೆದ ಟೀಕೆ ಸರ್ವಾರ್ಥಸಿದ್ಧಿಯಲ್ಲಿ ಒಳ್ಳೆಯ ಚರ್ಚೆ ಬರುತ್ತದೆ. ಸೂತ್ರ ವ್ರತಿಗಳನ್ನು ಎರಡೇ ಬಗೆ ಮಾಡುತ್ತದೆ: ಮನೆಯಿದ್ದವರು, ಮನೆಯಿಲ್ಲದವರು. ಹಾಗಾದರೆ ಪಾಳುಮನೆಯಲ್ಲೋ ಗುಡಿಯಲ್ಲೋ ತಂಗಿದ ಮುನಿ ಮನೆಯಿದ್ದವನಾದನೇ? ಆಸೆ ಹರಿಯದೆ, ಯಾವುದೋ ಕಾರಣಕ್ಕೆ ಮನೆ ಬಿಟ್ಟು ಕಾಡು ಸೇರಿದವನು ಮನೆಯಿಲ್ಲದವನಾದನೇ? ಇಲ್ಲ, ಇಲ್ಲಿ ಲೆಕ್ಕಕ್ಕಿರುವುದು ಮನಸ್ಸಿನೊಳಗಿನ ಮನೆ ಅನ್ನುತ್ತಾರೆ ಅವರು. ಆ ಲೆಕ್ಕಕ್ಕೆ ನಾನು ಭೋಗ್ಯದ ಮನೆಯಲ್ಲಿದ್ದಾಗಲೇ ನಾಲ್ಕಾರು ಮನೆಗಳ ಒಡತಿ. ಒಂದಕ್ಕೆ ತುಳಸಿಕಟ್ಟೆಯ ಜಾಗ ಕೂಡ ಗುರುತು ಮಾಡಿಯಾಗಿತ್ತು. ಬಾಡಿಗೆ ಮನೆಯವರು ಹಗುರ, ಸ್ವಂತ ಮನೆಯವರು ಭಾರ ಅಂತ ಹೇಳುವವರು ತಿಂಗಳ ಐದನೇ ತಾರೀಖು ಮನೆ ಮಾಲೀಕರ ಎದುರು ನಿಂತವರಲ್ಲ ಅಂತ ನನ್ನ ಅನುಮಾನ.

ಆ ಹಳೆಯ ಪಟ್ಟಿಯಲ್ಲಿ ಒಂದು ವಸ್ತು ಇಲ್ಲ: ಏರಿಯಾ. ನಾವು ದುಡ್ಡು ಕೊಡುವುದು ಇಟ್ಟಿಗೆಗಿಂತ ಹೆಚ್ಚಾಗಿ ಅದಕ್ಕೇ. ಬ್ರೋಕರ್ ಪ್ರತಿ ಗೇಟಿನ ಮುಂದೆ ಅದನ್ನೇ ಹೇಳುತ್ತಿದ್ದ: "ಫ್ಯಾಮಿಲಿ ಏರಿಯಾ ಮೇಡಂ, ಎಲ್ಲ ನಮ್ಮಂಥ ಜನ." ಶಾಲೆಗೆ ಮಕ್ಕಳು ನಡೆದು ಹೋಗಬಹುದು, ಸಿಟಿ ಬಸ್ಸು ತಿರುವಿಗೇ ಬರುತ್ತದೆ, ರಾತ್ರಿ ಒಂಬತ್ತಕ್ಕೆ ಹೆಂಗಸರು ಓಡಾಡುತ್ತಾರೆ. ಇದೆಲ್ಲ ನನಗೂ ಬೇಕು, ಬೇಡವೆಂದರೆ ಸುಳ್ಳು. ಆದರೆ ನಮ್ಮಂಥ ಜನ ಅಂದರೆ ಯಾರು? ನಾವು ಜೈನರು ಅಂದ ಕೂಡಲೇ ಮಾಲೀಕರ ಮುಖ ಅರಳುತ್ತಿತ್ತು. ಈರುಳ್ಳಿಯೂ ಇಲ್ಲ, ಕತ್ತಲಾದ ಮೇಲೆ ಊಟವೂ ಇಲ್ಲ, ಇನ್ನೇನು ಬೇಕು! ನನ್ನ ಜೊತೆ ಕಾಲೇಜಿನ ಆಫೀಸಿನಲ್ಲಿ ಕೂರುವ ಸಹೋದ್ಯೋಗಿಗೆ ನನ್ನಷ್ಟೇ ಸಂಬಳ, ಅದೇ ಬ್ಯಾಂಕಿನ ಸಾಲ ಮಂಜೂರಾಗಿತ್ತು. ಅವರ ಹೆಸರು ಕೇಳಿದ ಮೇಲೆ ಅದೇ ಬೀದಿಯಲ್ಲಿ ಮನೆ 'ಈಗ ತಾನೇ ಮಾತಾಯ್ತು' ಅನ್ನಿಸಿಕೊಂಡಿತು. ಅವರು ಮುಸ್ಲಿಮರು.

ಸಸ್ಯಾಹಾರಿಗಳಿಗೆ ಮಾತ್ರ ಅನ್ನುವ ಬೋರ್ಡನ್ನು ಅಹಿಂಸೆಯ ಹೆಸರಿನಲ್ಲಿ ಸಮರ್ಥಿಸುವ ನೆಂಟರು ನನಗಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ನನ್ನ ತಟ್ಟೆ ನನ್ನ ವ್ರತ; ಪಕ್ಕದ ಮನೆಯ ಒಲೆ ನನ್ನ ವ್ರತದೊಳಗೆ ಇಲ್ಲ. ನಾನು ನಾಲ್ಕು ಗೋಡೆಯನ್ನಷ್ಟೇ ಅಲ್ಲದೆ ಸುತ್ತಲಿನ ನಲವತ್ತು ಮನೆಯ ಅಡುಗೆಯನ್ನೂ ನನ್ನದು ಅಂದುಕೊಂಡರೆ ಅದಕ್ಕಿಂತ ದೊಡ್ಡ ಪರಿಗ್ರಹ ಯಾವುದು? ವಸ್ತುವಲ್ಲ, ಅದರ ಮೇಲಿನ ಮೋಹವೇ ಪರಿಗ್ರಹ ಅಂತ ಅದೇ ಏಳನೆಯ ಅಧ್ಯಾಯ ಹೇಳುತ್ತದೆ. ಅತ್ತೆಯ ಮುಂದೆ ಈ ವಾದ ಇಟ್ಟೆ. ಅವರು ಜೀವಮಾನದಲ್ಲಿ ಸೋಸದ ನೀರು ಕುಡಿದವರಲ್ಲ, ಬೈಸಿಕೊಳ್ಳಬೇಕಾದೀತು ಅಂದುಕೊಂಡಿದ್ದೆ. "ವಾಸನೆ ಬಂದ್ರೆ ಕಿಟಕಿ ಹಾಕ್ಕೊಂಡ್ರಾಯ್ತು ಕಣಮ್ಮ. ಊರಲ್ಲೇನು ನಮ್ಮ ಹಿತ್ತಲ ಪಕ್ಕ ಜೈನರೇ ಇದ್ರಾ?" ಅಂದರು.

ಕ್ರಯಪತ್ರ ಬರೆಯುವವರಿಗೆ ಇದು ಚೆನ್ನಾಗಿ ಗೊತ್ತು. ಚಕ್ಕುಬಂದಿ ಅಂತ ಒಂದು ಭಾಗ ಬರುತ್ತದಲ್ಲ: ಪೂರ್ವಕ್ಕೆ ಇಂಥ ನಂಬರಿನ ಸೈಟು, ಪಶ್ಚಿಮಕ್ಕೆ ರಸ್ತೆ, ಉತ್ತರಕ್ಕೆ ಇಂಥವರ ಮನೆ. ಸುತ್ತಲಿನವರನ್ನು ಹೇಳದೆ ನನ್ನ ಮನೆ ಎಲ್ಲಿದೆ ಅಂತ ಕಾಗದದಲ್ಲಿ ತೋರಿಸುವುದಕ್ಕೇ ಬರುವುದಿಲ್ಲ.

ಕೊನೆಗೆ ಒಪ್ಪಿದ ಮನೆ ಶ್ರೀರಾಂಪುರದ ಆಚೆ, ಲಿಂಗಾಂಬುಧಿ ಕೆರೆಗೆ ನಡೆದು ಹೋಗುವಷ್ಟು ದೂರ. ಕೆರೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು, 1828ರಲ್ಲಿ ಕಟ್ಟಿಸಿದ್ದು. ಮನೆ 20×30ರ ಡುಪ್ಲೆಕ್ಸ್. ಕೆಳಗೊಂದು ರೂಮು, ಮೇಲೆ ಎರಡು. 58 ಲಕ್ಷ. ಮುದ್ರಾಂಕ ಶುಲ್ಕ ಶೇ 5. ನೋಂದಣಿ ಶುಲ್ಕ ಮೊದಲು ಶೇ 1 ಇದ್ದದ್ದು 2025ರ ಆಗಸ್ಟ್ ಕೊನೆಯಿಂದ ಶೇ 2. ಕಾವೇರಿ ಪೋರ್ಟಲಿನಿಂದ ಋಣಭಾರ ಪತ್ರ ತೆಗೆಸಿ, ಮೂಲಪತ್ರಗಳ ಜೊತೆ ಇಟ್ಟುಕೊಂಡು ಒಂದು ಭಾನುವಾರ ಓದಿದೆ. ಸರ್ವೆ ನಂಬರು, ಹೆಬ್ಬೆಟ್ಟು ಒತ್ತಿದ ರೈತ, ಅವನ ಮಕ್ಕಳ ವಿಭಾಗಪತ್ರ, ಬಡಾವಣೆ, ಮೊದಲು ಸೈಟು ಪಡೆದವರು, ಅವರಿಂದ ಕೊಂಡವರು, ಬ್ಯಾಂಕಿಗೆ ಅಡಮಾನ, ಅದರ ಋಣಮುಕ್ತಿ, ಈಗಿನ ಮಾಲೀಕರು.

ಪಂಪ 941ರಲ್ಲಿ ಬರೆದ ಆದಿಪುರಾಣದಲ್ಲಿ ಭರತ ಆರು ಖಂಡ ಗೆದ್ದು ವೃಷಭಾಚಲದ ಮೇಲೆ ತನ್ನ ಹೆಸರು ಕೆತ್ತಿಸಲು ಹೋಗುತ್ತಾನೆ. ಬೆಟ್ಟದ ತುಂಬ ಹಿಂದೆ ಭೂಮಿಯನ್ನು ಗೆದ್ದವರ ಹೆಸರೇ. ಒಂದು ಸಾಲಿಗೂ ಜಾಗವಿಲ್ಲ. ಅವನ ಗರ್ವ ಇಳಿಯುತ್ತದೆ. ನಮ್ಮ ಕಡೆ ಪ್ರವಚನಕಾರರು ಕಥೆಯನ್ನು ಇಲ್ಲಿಗೇ ನಿಲ್ಲಿಸಿ ಎಲ್ಲ ಅನಿತ್ಯ ಅಂತ ಕೈಮುಗಿಸುತ್ತಾರೆ. ನನಗೆ ಕುತೂಹಲ ಅದರ ಮುಂದಿನದು. ಗರ್ವ ಇಳಿದ ಮೇಲೂ ಭರತ ಸುಮ್ಮನೆ ಹಿಂದಿರುಗಲಿಲ್ಲ. ಒಬ್ಬರ ಹೆಸರು ಅಳಿಸಿ ತನ್ನದು ಬರೆಸಿದ. ಗೊತ್ತಿದ್ದೂ ಬರೆಸಿದ. ನಾನೂ ಪಟ್ಟಿಯನ್ನೆಲ್ಲ ಓದಿ, ಮರುವಾರ ಸಬ್ ರಿಜಿಸ್ಟ್ರಾರ್ ಕಚೇರಿಯ ಬೆಂಚಿನ ಮೇಲೆ ಸರದಿಗೆ ಕಾದು, ಕ್ಯಾಮರಾಕ್ಕೆ ಮುಖ ಕೊಟ್ಟು, ಹೆಬ್ಬೆಟ್ಟು ಒತ್ತಿ ಬಂದೆ. ಅನಿತ್ಯ ಗೊತ್ತಾದವರು ಮನೆ ಕೊಳ್ಳುವುದಿಲ್ಲ ಅಂತ ಎಲ್ಲೂ ಇಲ್ಲ. ಗೃಹಸ್ಥರಿಗೆ ಅಂತಲೇ ಬೇರೆ ವ್ರತ ಮಾಡಿಟ್ಟಿರುವುದು ಅದಕ್ಕೇ.

ಗೃಹಪ್ರವೇಶಕ್ಕೆ ಬಂದ ಅತ್ತೆ ಹಾಲು ಉಕ್ಕಿದ ಮೇಲೆ ತಮ್ಮ ಪ್ರಶ್ನೆಗೆ ತಾವೇ ತೀರ್ಪು ಕೊಟ್ಟುಕೊಂಡರು. ಊರಿನದು ಅವರ ಲೆಕ್ಕದ ಮನೆ. ಇಲ್ಲಿ ಅವರು ಮುನಿಗಳು ಪಾಳುಮನೆಯಲ್ಲಿ ತಂಗಿದ ಹಾಗೆ. ನನ್ನ ಹೊಸ ಮನೆಗೆ ಪಾಳು ಅಂದಿದ್ದಕ್ಕೆ ಬೇಜಾರಾಗಲಿಲ್ಲ, ಪೂಜ್ಯಪಾದರ ಉದಾಹರಣೆ ಅವರಿಗೆ ಯಾವುದೋ ಪ್ರವಚನದಿಂದ ಬಂದಿತ್ತು ಅಂತ ಖುಷಿಯೇ ಆಯಿತು. ಎರಡನೇ ದಿನ ನೋಡಿದರೆ ಅಡುಗೆಮನೆಯ ಡಬ್ಬಿಗಳೆಲ್ಲ ಅವರಿಗೆ ಬೇಕಾದ ಜಾಗದಲ್ಲಿದ್ದವು.

ಅವರು ತಾರಸಿಗೆ ಹತ್ತಿದ್ದು ಹಪ್ಪಳ ಒಣಗಿಸುವುದಕ್ಕೆ. ಪಿಲ್ಲರುಗಳ ತಲೆಯ ಮೇಲೆ ಕಬ್ಬಿಣದ ಕಂಬಿ ಚಾಚಿಕೊಂಡಿತ್ತು, ಹಳೆಯ ಮಾಲೀಕರು ಬಿಟ್ಟದ್ದು. ಈ ಬಡಾವಣೆಯಲ್ಲಿ ಅದಿಲ್ಲದ ತಾರಸಿ ಕಡಿಮೆ.

"ಇದ್ಯಾಕೆ ಹಿಂಗೆ ಬಿಟ್ಟಿದಾರೆ?"

"ಮುಂದೆ ಇನ್ನೊಂದು ಮಹಡಿ ಎಬ್ಬಿಸೋದಾದರೆ ಬೇಕಾಗತ್ತೆ ಅಂತ, ಅತ್ತೆ."

"ಎಬ್ಬಿಸ್ತೀರಾ?"

ಮಗ ದೊಡ್ಡವನಾಗುತ್ತಾನೆ, ಬಾಡಿಗೆ ಬಂದರೆ ಕಂತಿಗಾಗುತ್ತದೆ ಅಂತ ನಮ್ಮವರು ಕೆಳಗಿನಿಂದಲೇ ಕೂಗಿ ಹೇಳಿದರು. ಹೇಮಚಂದ್ರರ ಹಸುವಿನ ಹೊಟ್ಟೆಯ ಕರು ನೆನಪಾಗಿ ನಾನು ಸುಮ್ಮನಿದ್ದೆ. ಕತ್ತರಿಸಿಬಿಡಿ ಅಂತ ಅತ್ತೆ ಹೇಳಲಿಲ್ಲ. ವ್ರತ ಅವರದು, ನಮ್ಮದಲ್ಲ. ನಾನು ಮೇಸ್ತ್ರಿಯನ್ನು ಕೇಳಿದೆ. ಕತ್ತರಿಸುವುದಕ್ಕೆ ಒಂದು ದಿನದ ಕೂಲಿ ಸಾಕಂತೆ, ಆದರೆ "ಯಾರೂ ಕತ್ತರಿಸಲ್ಲ ಮೇಡಂ, ಮಾರುವಾಗ ರೇಟು ಕಡಿಮೆ ಆಗತ್ತೆ" ಅಂದ. ನಮ್ಮವರು ತುಕ್ಕು ಹಿಡಿಯದಿರಲಿ ಅಂತ ಅದಕ್ಕೆ ಸಿಮೆಂಟ್ ಹಾಲು ಬಳಿಸಿದ್ದಾರೆ. ಅತ್ತೆ ಅದಕ್ಕೇ ಹಗ್ಗ ಕಟ್ಟಿ ಸೀರೆ ಒಣಹಾಕುತ್ತಾರೆ. ಮಹಡಿಯ ಮಾತು ಮುಂದಿನ ವರ್ಷ ಮತ್ತೆ ಬರುತ್ತದೆ, ಮಗನ ಪಿಯುಸಿ ಮುಗಿದ ಮೇಲೆ.