ಎಡೆದೊರೆ ನಾಡಿನ ಸಾಕ್ಷಿಗಳು

ಕೃಷ್ಣೆ ಮತ್ತು ತುಂಗಭದ್ರೆಯ ನಡುವೆ ಇರುವ ನಮ್ಮ ಸೀಮೆಗೆ ಎಡೆದೊರೆ ನಾಡು ಎಂಬುದು ಹಳೆಯ ಹೆಸರು. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದಾಗ ಅವನ ಪಡೆಯಲ್ಲಿ ಕ್ರಿಸ್ಟೊವಾವೊ ದ ಫಿಗೆರೆದೊ ಎಂಬ ಪೋರ್ಚುಗೀಸನೂ ಅವನ ಬಂದೂಕಿನವರೂ ಇದ್ದರೆಂದು ಅದೇ ದೇಶದ ಪ್ರವಾಸಿ ನೂನಿಜ್ ಬರೆದಿಟ್ಟಿದ್ದಾನೆ. ಯೇಸುವಿನ ಹೆಸರು ಹೇಳುವ ಜನ ನಮ್ಮ ನೆಲಕ್ಕೆ ಹೀಗೆ ಬಂದೂಕು ಹಿಡಿದೂ ಬಂದಿದ್ದರು. ಅವರು ಬಂದರು, ಕೋಟೆ ಗೆದ್ದುಕೊಟ್ಟು ಹೋದರು. ಅವರಿಂದ ಇಲ್ಲೊಂದು ಸಭೆ ಹುಟ್ಟಿದ ಮಾತು ಎಲ್ಲೂ ಕೇಳಿಬರುವುದಿಲ್ಲ.

ಸಭೆ ಹುಟ್ಟಿದ್ದು ಇದೇ ಸೀಮೆಯ ಮುದಗಲ್ಲಿನಲ್ಲಿ. ಬಿಜಾಪುರದ ಆದಿಲ್‌ಶಾಹಿಗಳ ಕಾಲದಲ್ಲಿ ಗೋವೆಯ ಕಡೆಯಿಂದ ಪಾದ್ರಿಗಳು ಅಲ್ಲಿಗೆ ಬಂದು ನೆಲೆ ನಿಂತರು. ಅಲ್ಲಿನ ಚರ್ಚು 1557ಕ್ಕೂ ಹಿಂದಿನದೆಂದು ಹಳೆಯ ಗೆಜೆಟಿಯರ್ ಹೇಳುತ್ತದೆ. ಮೊಹರಮ್ಮಿಗೆ ಹೆಸರಾದ ಆ ಊರಿನಲ್ಲಿ ಕ್ರಿಸ್ತನ ಒಕ್ಕಲೂ ಶತಮಾನಗಳಿಂದ ಬಾಳಿಕೊಂಡು ಬಂದಿದೆ. 1840ರ ದಶಕದಲ್ಲಿ ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರನಿಗೆ ಈ ಸಭೆಯ ಮೇಲೆ ಎಷ್ಟು ಅಕ್ಕರೆಯೆಂದರೆ, ಚಾಂದಬೀಬಿಯ ಕಥೆ ಹೇಳುವ ತನ್ನ ‘ಎ ನೋಬಲ್ ಕ್ವೀನ್’ ಕಾದಂಬರಿಯೊಳಗೆ ಮುದಗಲ್ಲಿನ ಕ್ರೈಸ್ತರನ್ನೂ ಕರೆತಂದ. ಪಾದ್ರಿಗಳು ಪ್ರಾರ್ಥನೆ, ಉಪದೇಶಗಳನ್ನು ಕನ್ನಡಕ್ಕೆ ತಂದಿದ್ದರೆಂಬುದೂ ಅವನ ಬರಹದಿಂದಲೇ ತಿಳಿಯುತ್ತದೆ. ಆ ಸಭೆ ಉಳಿದದ್ದು ಇದರಿಂದಲೇ ಎಂದು ನಾನು ನಂಬಿದ್ದೇನೆ. ದೇವರ ಮಾತು ಮನೆಮಾತಿನಲ್ಲಿ ಬರಹವಾಗಿ ಕೈಗೆ ಸಿಕ್ಕಿತು. ದೂರದಿಂದ ಬಂದ ಪಾದ್ರಿ ಒಂದು ದಿನ ಹಿಂತಿರುಗಿ ಹೋಗಬಹುದು, ಅಜ್ಜಿಯ ಬಾಯಲ್ಲಿ ಕೂತ ಕನ್ನಡದ ಪ್ರಾರ್ಥನೆ ಎಲ್ಲಿಗೂ ಹೋಗುವುದಿಲ್ಲ.

ದೇವರ ಮಾತನ್ನು ಮನೆಮಾತಿಗೆ ತಂದವರು ಪಾದ್ರಿಗಳಷ್ಟೇ ಅಲ್ಲ. ನಮ್ಮೂರು ಜಾಲಹಳ್ಳಿ ಇರುವುದು ದೇವದುರ್ಗ ತಾಲ್ಲೂಕಿನಲ್ಲಿ. ಅದೇ ತಾಲ್ಲೂಕಿನ ಮೊಸರುಕಲ್ಲು ಗೋಪಾಲದಾಸರ ಊರು. ಪಕ್ಕದ ಮಾನ್ವಿಯ ಚೀಕಲಪರ್ವಿ ವಿಜಯದಾಸರದು, ಬ್ಯಾಗವಾಟ ಜಗನ್ನಾಥದಾಸರದು. ಮಠದ ಸಂಸ್ಕೃತದಲ್ಲಿದ್ದುದನ್ನು ಅಂಗಳದ ಕನ್ನಡಕ್ಕೆ ಇಳಿಸಿದವರು ಈ ಹರಿದಾಸರು. ಹರಿದಾಸರ ಹಾಡುಗಳನ್ನು 1850ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದವರು ಬಾಸೆಲ್ ಮಿಶನ್ನಿನ ಹೆರ್ಮನ್ ಮೋಗ್ಲಿಂಗ್. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರಡಿಸಿದವರೂ ಅವರೇ. ಅದೇ ಮಿಶನ್ನಿನ ಕಿಟೆಲ್ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತ್ರೆಯನ್ನು ನಮ್ಮ ಪದ್ಯದ ಧಾಟಿಗೇ ಹೊಂದಿಸಿದರು. ಸುವಾರ್ತೆ ಸಾರಲು ಬಂದವರು ದಾಸರ ಪದಗಳನ್ನು ಕಾಪಿಟ್ಟದ್ದನ್ನು ನೆನೆದಾಗಲೆಲ್ಲ ನನಗೆ ಮನಸ್ಸು ತುಂಬಿ ಬರುತ್ತದೆ. ಬೇರೆಯವರ ಭಕ್ತಿಯ ಮಾತನ್ನು ಕಿವಿಗೊಟ್ಟು ಕೇಳದವನು ತನ್ನ ಭಕ್ತಿಯನ್ನು ಆ ಭಾಷೆಯಲ್ಲಿ ಹೇಗೆ ಬರೆದಾನು?

ಇಷ್ಟು ಹಿಂದಿನದನ್ನು ಹೇಳಿದ್ದಕ್ಕೆ ಕಾರಣವಿದೆ. ಮನೆಮಾತಿನ ಆ ಭಕ್ತಿ ಇಂದಿಗೂ ನಮ್ಮಲ್ಲಿ ಬಾಳುತ್ತಿದೆ. ನಮ್ಮ ಕಡೆ ಪ್ರಾರ್ಥನಾ ಕೂಟದಲ್ಲಿ ಹಾಡು ಮುಗಿದ ಮೇಲೆ ಪಾಸ್ಟರ್, “ಸಾಕ್ಷಿ ಹೇಳೋರು ಯಾರರ ಇದ್ರ ಹೇಳ್ರಿ” ಅನ್ನುತ್ತಾರೆ. ಸೆರಗು ತಲೆಗೆ ಎಳೆದುಕೊಂಡು ಒಬ್ಬಾಕೆ ಏಳುತ್ತಾಳೆ. “ನಮ್ಮ ಎತ್ತು ಮೇವು ಬಿಟ್ಟಿತ್ರಿ. ಮನ್ಯಾಗ ಎಲ್ಲಾರೂ ಪ್ರಾರ್ಥನಿ ಮಾಡಿದ್ವಿ. ನಿನ್ನಿ ಮುಂಜಾನಿ ಮೇವಿಗೆ ಬಾಯಿ ಹಚ್ಚೇತಿ. ದೇವರಿಗೆ ಸ್ತೋತ್ರ.” ಅಷ್ಟೇ. ಇನ್ನೊಬ್ಬರದು ಕಾಲುವೆಯ ಕೊನೆಯ ಹೊಲಕ್ಕೂ ನೀರು ಬಂದದ್ದು, ಮತ್ತೊಬ್ಬರದು ರಾಯಚೂರಿನ ರಿಮ್ಸ್ ಆಸ್ಪತ್ರೆಯಲ್ಲಿ ಸೊಸೆಗೆ ಸುಸೂತ್ರ ಹೆರಿಗೆಯಾದದ್ದು. ಹತ್ತಿಯ ಹುಳ ಹೋದದ್ದು, ಮಗ ಕುಡಿತ ಬಿಟ್ಟದ್ದು, ಸಂಘದ ಸಾಲ ತೀರಿದ್ದು, ಎಲ್ಲವೂ ಅಲ್ಲಿ ದೇವರ ಮುಂದೆ ಬರುತ್ತವೆ. ದೊಡ್ಡ ಪ್ರಸಂಗಗಳನ್ನು ನಾನು ಸಾಕಷ್ಟು ಕೇಳಿದ್ದೇನೆ. ಈ ಹೆಂಗಸರ ಎರಡು ಮಾತಿನ ಸಾಕ್ಷಿಯಲ್ಲಿ ಇರುವಷ್ಟು ದೇವರು ಅವುಗಳಲ್ಲಿ ನನಗೆ ಸಿಕ್ಕಿಲ್ಲ.

ಸೇವೆಯೂ ಹಾಗೆಯೇ. ಹೊರಗಿನವರಿಗೆ ಸೇವೆ ಅಂದರೆ ಭಾನುವಾರದ ಪ್ರಸಂಗ. ಹಳ್ಳಿಯ ಪಾಸ್ಟರಿಗೆ ಅದು ವಾರದ ಒಂದು ತಾಸಿನ ಕೆಲಸ. ಉಳಿದ ದಿನಗಳಲ್ಲಿ ರೇಷನ್ ಕಾರ್ಡಿನ ಅರ್ಜಿ ತುಂಬಬೇಕು, ಜ್ವರ ಬಂದ ಮಗುವನ್ನು ಬೈಕಿನಲ್ಲಿ ದೇವದುರ್ಗಕ್ಕೆ ಮುಟ್ಟಿಸಬೇಕು, ಮಣ್ಣಾದ ಮನೆಯಲ್ಲಿ ರಾತ್ರಿಯೆಲ್ಲ ಕೂರಬೇಕು. ಯೇಸುಸಭೆಯ ಫಾದರುಗಳು ಈಗ ಮಾನ್ವಿಯಲ್ಲಿ ಲೊಯೋಲ ಶಾಲೆ ನಡೆಸುತ್ತಾರೆ. ಮನೆಯಲ್ಲಿ ಮೊದಲ ಬಾರಿಗೆ ಓದು ಕಲಿಯುವ ಮಗುವಿಗೆ ಅಕ್ಷರ ತಿದ್ದಿಸುವುದು ಸಹ ಸುವಾರ್ತೆಯೇ.

ಆಮೇಲೆ ಗುಳೆ. ಹಿಂಗಾರು ಕೈಕೊಟ್ಟ ವರ್ಷ ಮನೆಗಳಿಗೆ ಬೀಗ ಬೀಳುತ್ತದೆ. ಗಂಟುಮೂಟೆ, ಮಕ್ಕಳು, ರೊಟ್ಟಿಯ ಬುತ್ತಿ ಸಮೇತ ಜನ ಬೆಂಗಳೂರು, ಪುಣೆ, ಗೋವೆಯ ಬಸ್ಸು ಹತ್ತುತ್ತಾರೆ. ಒಂದು ಕಾಲಕ್ಕೆ ಗೋವೆಯಿಂದ ಇಲ್ಲಿಗೆ ಪಾದ್ರಿಗಳು ನಡೆದು ಬಂದರು, ಈಗ ಇಲ್ಲಿನ ಕೂಲಿಯವರು ಗೋವೆಗೆ ಮಣ್ಣು ಹೊರಲು ಹೋಗುತ್ತಾರೆ. ಆಗ ಸಭೆಯಲ್ಲಿ ಮುದುಕರಷ್ಟೇ ಉಳಿಯುತ್ತಾರೆ. ಹೋದವರು ಕಟ್ಟುತ್ತಿರುವ ಕಟ್ಟಡದ ನೆಲಮಾಳಿಗೆಯಲ್ಲಿ ಸಿಮೆಂಟ್ ಚೀಲದ ಮೇಲೆ ಕೂತು ಕೀರ್ತನೆ ಹಾಡುತ್ತಾರೆ. ಆ ಸಭೆಗೆ ಬೋರ್ಡಿಲ್ಲ, ರಿಜಿಸ್ಟರಿಲ್ಲ, ಯಾವ ವರದಿಯಲ್ಲೂ ಅದು ಬರುವುದಿಲ್ಲ.

ಹೊರದೇಶಕ್ಕೆ ಬಂದ ನಮ್ಮದೂ ಒಂದು ರೀತಿಯ ಗುಳೆಯೇ, ಹೊಟ್ಟೆ ತುಂಬಿದವರ ಗುಳೆ. ಇಲ್ಲಿ ಕನ್ನಡದ ಆರಾಧನೆ ನಡೆದರೂ ಮಕ್ಕಳು ಇಂಗ್ಲಿಷಿನಲ್ಲಿ ಪ್ರಾರ್ಥಿಸುತ್ತಾರೆ. ಅದಕ್ಕೆ ನನ್ನ ತಕರಾರಿಲ್ಲ, ದೇವರಿಗೆ ಎಲ್ಲ ಭಾಷೆಯೂ ತಿಳಿಯುತ್ತದೆ. ಆದರೆ ಎತ್ತು ಮೇವು ತಿಂದದ್ದಕ್ಕೆ ಸ್ತೋತ್ರ ಹೇಳಿದ ಅಜ್ಜಿಯೊಬ್ಬಳು ತಮಗಿದ್ದಳು ಎಂಬುದು ಅವರಿಗೆ ಗೊತ್ತಾಗುವುದು ಹೇಗೆ? ಫೋನಿನಲ್ಲಿ ಊರಿನವರೊಡನೆ ಮಾತಾಡುವಾಗ ನಾನೀಗ ಒಂದು ನೋಟ್‌ಬುಕ್ ಇಟ್ಟುಕೊಂಡಿರುತ್ತೇನೆ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ, ತಿದ್ದುವುದಿಲ್ಲ.

ಬರೆಯುತ್ತಾ ಒಂದು ಸಂಗತಿ ನನ್ನನ್ನು ಕಾಡತೊಡಗಿತು. ಸಾಕ್ಷಿಯೆಂದರೆ ಕೇಳಿದ್ದು ದಕ್ಕಿದವರ ಮಾತು ಮಾತ್ರ ಎಂಬ ರೂಢಿ ಬೆಳೆದುಬಿಟ್ಟಿದೆ. ಮಳೆ ಬಾರದ ಮನೆಯವರು ಏಳುವುದಿಲ್ಲ. ಒಮ್ಮೆ ಮಾತ್ರ, ಮಗನನ್ನು ಕಳೆದುಕೊಂಡ ತಾಯಿಯೊಬ್ಬಳು ಎದ್ದು ನಿಂತದ್ದನ್ನು ಕಂಡಿದ್ದೇನೆ. “ಭಾಳ ಬೇಡಿಕೊಂಡೆ. ಉಳೀಲಿಲ್ಲ. ಸಿಟ್ಟು ಬಂದೇತಿ. ಆದ್ರೂ ಬಂದೀನಿ” ಅಂದು ಕೂತಳು. ಪಾಸ್ಟರ್ ಏನೂ ಹೇಳಲಿಲ್ಲ, ಆಕೆಯ ಪಕ್ಕ ಹೋಗಿ ಕೂತರು. ಕೀರ್ತನೆಗಳ ಪುಸ್ತಕದಲ್ಲಿ ಇಂಥ ಸಿಟ್ಟಿಗೂ ಅಳುವಿಗೂ ಬೇಕಾದಷ್ಟು ಜಾಗವಿದೆ. ನಮ್ಮ ಕೂಟಗಳಲ್ಲಿ ಮತ್ತು ಬರಹಗಳಲ್ಲಿ ಅದು ಕಡಿಮೆಯಾಗಿದೆ.

ಆದ್ದರಿಂದ ಇದನ್ನು ಓದುವವರಲ್ಲಿ, ಅವರು ಯಾವ ದೇವರಿಗೆ ಕೈ ಮುಗಿಯುವವರಾದರೂ ಸರಿ, ನನ್ನದೊಂದು ಕೋರಿಕೆ. ಮುಂದಿನ ಸಲ ಊರಿಗೆ ಫೋನ್ ಮಾಡಿದಾಗ ಅವ್ವನನ್ನೋ ಕಾಕಾನನ್ನೋ ಕೇಳಿ: ಬರಗಾಲದ ವರ್ಷ ಮನೆಯಲ್ಲಿ ಏನೆಂದು ಬೇಡಿಕೊಂಡಿರಿ, ಸುಗ್ಗಿ ಹಬ್ಬಕ್ಕೆ ದೇವರ ಮುಂದೆ ಏನಿಟ್ಟಿರಿ, ಬೇಡಿದ್ದು ಸಿಗದಿದ್ದಾಗ ಮರುದಿನ ಹೇಗೆ ಎದ್ದಿರಿ. ಹೇಳಿದ್ದನ್ನು ಕನ್ನಡದಲ್ಲಿ ಬರೆದಿಡಿ, ತಾರೀಖು ಹಾಕಿ. ಊರಿನ ಹೆಸರು, ಹೊಲದ ಹೆಸರು, ಎತ್ತಿನ ಹೆಸರು ಇದ್ದರೆ ಅದನ್ನೂ ಬಿಡಬೇಡಿ.